ಕಲ್ಕತ್ತದ ಟ್ರಾಮಿನಲ್ಲಿ ಕವಿತ

ಚಿನ್ನದ ಗಣಿಯ ಊರು ಕೋರಮಂಡಲಿನಲ್ಲಿ, ಬಂಡಿ ಕಂಪನಿ ಕೆಲಸಗಾರರ ಮನೆಸಾಲಾದ ಲೈನಿನಲ್ಲಿ, ಬೆಳಗಿನ ಹೊತ್ತು ನಲ್ಲಿಯ ಹತ್ತಿರ ನಿಂತುಕೊಂಡರೆ ಹೊಸಬರಿಗೆ ತಲೆ ಕೆಡುವುದು ಗ್ಯಾರಂಟಿ. ಬೇತಮಂಗಲದ ನೀರು ಬರುವುದೇ ಅಪರೂಪ. ಬಂದ ದಿನ ಬಿಂದಿಗೆ ಸಾಲಿಟ್ಟು ನಿಂತ ಹೆಂಗಸರು ಒಬ್ಬರನ್ನೊಬ್ಬರು ತಿಂಡಿ ಆಯಿತಾ ಎಂದು ಕೇಳುವುದಿಲ್ಲ, ಎಲ್ಲಿದ್ದೀಯ ಎಂದು ಕೇಳುತ್ತಾರೆ. ಅದೂ ಎದುರಿಗೇ ನಿಂತವಳನ್ನು! ಅವಳೂ ಏನೂ ಆಗದವಳಂತೆ ಬೊಂಬಾಯಲ್ಲಿದ್ದೀನಿ ಎನ್ನುತ್ತಾಳೆ. ಮಾರಿಯಮ್ಮನಂತೂ ಮೊಣಕಾಲು ತಿಕ್ಕಿಕೊಳ್ಳುತ್ತಾ, ನಿನ್ನೆ ಸಾಯಂಕಾಲ ಬೊಂಬಾಯಲ್ಲಿ ಏನು ರಶ್ಶು ಅಂತೀಯ, ನಿಂತು ನಿಂತು ಕಾಲು ಬಿದ್ದೇ ಹೋಯಿತು ಎಂದು ನರಳುತ್ತಾಳೆ. ಆ ಮಹಾತಾಯಿ ಹುಟ್ಟಿದ ಮೇಲೆ ಬಂಗಾರಪೇಟೆ ದಾಟಿ ಹೋಗಿದ್ದು ಎರಡೋ ಮೂರೋ ಸಲ.

ಹೊಸಬರು ನಗುತ್ತಾರೆ. ನಗಲಿ, ಯಾರಪ್ಪನ ಗಂಟು ಹೋಗುತ್ತದೆ. ಆದರೆ ವಿಷಯ ತಿಳಿಯದೆ ನಗುವವರನ್ನು ಕಂಡರೆ ಸಿಟ್ಟು ಬರುತ್ತದೆ, ಅದಕ್ಕೇ ಮೊದಲು ಅದನ್ನು ಹೇಳಿಬಿಡುವುದು ಒಳ್ಳೆಯದು.

ಬಂಡಿ ಕಂಪನಿ ಎನ್ನುವುದು ಜನ ಇಟ್ಟ ಹೆಸರು. ಗೇಟಿನ ಮೇಲೆ ಕಬ್ಬಿಣದ ಅಕ್ಷರಗಳಲ್ಲಿ ಯಾರೋ ಬಿಳಿ ದೊರೆಯ ಹೆಸರಿತ್ತು, ಅರ್ಧಕ್ಕರ್ಧ ಉದುರಿಹೋಗಿ ಈಗ ಯಾವ ಭಾಷೆಯಲ್ಲಿ ಓದಿದರೂ ಅರ್ಥವಾಗುವುದಿಲ್ಲ. ದೊರೆ ಇಲ್ಲಿಗೆ ಬಂದದ್ದು ಗಣಿಯ ಕಲ್ಲು ಸಾಗಿಸುವ ತೊಟ್ಟಿಬಂಡಿ ಮಾಡಿಕೊಡಲು. ಆಮೇಲೆ ಅವನಿಗೆ ಆಸೆ ಹೆಚ್ಚಾಯಿತು. ಕಲ್ಲು ಹೊರುವ ಬಂಡಿಗೆ ಕಿಟಕಿ ಇಟ್ಟರೆ ಟ್ರಾಮ್ ಆಗುತ್ತದೆ, ಟ್ರಾಮನ್ನು ಎಳೆದು ಉದ್ದ ಮಾಡಿದರೆ ರೈಲು ಬೋಗಿ ಆಗುತ್ತದೆ ಎಂದು ಅವನ ಲೆಕ್ಕ. ಅಷ್ಟು ಸುಲಭವಾಗಿತ್ತೋ ಇಲ್ಲವೋ, ಮಾಡಿದ್ದಂತೂ ನಿಜ. ದೊರೆ ಹೋದ, ಬೇರೆಯವರು ಬಂದರು, ಅವರೂ ಹೋದರು. ಎದುರುಗಡೆ ಚಿನ್ನದ ಗಣಿಯೇ ಮುಚ್ಚಿ, ಲಿಫ್ಟಿನ ದೊಡ್ಡ ಗಾಲಿಗಳು ತುಕ್ಕು ಹಿಡಿದು ನಿಂತವು. ಬಂಡಿ ಕಂಪನಿ ಮಾತ್ರ ಉಸಿರು ಹಿಡಿದುಕೊಂಡು ಉಳಿಯಿತು. ಈಗ ಅಲ್ಲಿ ಮೆಟ್ರೋ ಡಬ್ಬಿ ಮಾಡುತ್ತಾರೆ.

ದೊರೆಯ ಕಾಲದಲ್ಲೇ ಹುಟ್ಟಿದ ಪದ್ಧತಿ ಒಂದಿದೆ. ಕಟ್ಟಿದ ಬಂಡಿ ಖಾಲಿಯಾಗಿ ಗೇಟು ದಾಟಬಾರದು. ಶೆಡ್ಡಿನಿಂದ ಗೇಟಿನ ತನಕ, ಇಂಜಿನ್ನು ಮೆಲ್ಲಗೆ ತಳ್ಳುವ ಆ ಒಂದಿಷ್ಟು ದೂರ, ಕಟ್ಟಿದವರ ಮನೆಯ ಒಂದು ಜೀವ ಅದರಲ್ಲಿ ಕೂತು ಬರಬೇಕು. ಒಂದು ಬಂಡಿಗೆ ಒಬ್ಬರೇ. ಹಾಗೆ ಕೂತವರು ಗೇಟಿನ ಹತ್ತಿರ ಇಳಿದರೂ ಇಳಿದಂತಲ್ಲ. ಬಂಡಿ ಓಡುವಷ್ಟು ಕಾಲ, ಅದು ಎಲ್ಲಿ ಓಡುತ್ತದೋ ಅಲ್ಲಿ, ಅವರೂ ಓಡುತ್ತಿರುತ್ತಾರೆ. ಯಾರು ಕೂರಬೇಕೆಂದು ಲೈನಿನ ಹಿರಿಯರು ಗೊತ್ತುಮಾಡುತ್ತಿದ್ದರು. ಅತ್ತೆಮನೆಯಲ್ಲಿ ನಗು ಮರೆತ ಸೊಸೆ, ಗಣಿಯ ಧೂಳು ಕುಡಿದು ಕೆಮ್ಮುವ ಮುದುಕ, ಮಕ್ಕಳಾಗಲಿಲ್ಲವೆಂದು ಕೊರಗುವವಳು, ಹೀಗೆ ಎಲ್ಲಾದರೂ ಹೊರಟುಹೋಗಬೇಕೆಂದು ಒಳಗೊಳಗೇ ಒದ್ದಾಡುತ್ತ ಹೋಗಲಾರದವರಿಗೆ ಆ ಸೀಟು ಸಿಗುತ್ತಿತ್ತು. ಆಮೇಲೆ ಅವರು ಒಲೆಯ ಮುಂದೆ ಕೂತಿದ್ದರೂ ಸರಿ, ಒಂದು ಕಡೆಯಿಂದ ಗಾಳಿ ಬೀಸಿದ ಹಾಗೆ ಮುಖ ಸಡಿಲವಾಗುತ್ತಿತ್ತು. ಇದನ್ನು ಕಣ್ಣಾರೆ ಕಂಡವರು ಇದ್ದಾರೆ.

ಅಂಜನಮ್ಮನ ಮಗಳು ಕವಿತ ಇರುವುದು ಕಲ್ಕತ್ತದಲ್ಲಿ.

ಅಂಜನಮ್ಮ ಕಂಪನಿಯ ಸೀಟು ವಿಭಾಗದಲ್ಲಿ ರೆಕ್ಸಿನ್ ಹೊಲಿಯುವವಳು. ಗಂಡ ಸೀನಪ್ಪ ಅಲ್ಲೇ ಫಿಟ್ಟರ್ ಆಗಿದ್ದು ರಿಟೈರಾದವನು. ಇಬ್ಬರಿಗೂ ಒಬ್ಬಳೇ ಮಗಳು. ಹುಟ್ಟುವಾಗಲೇ ಎದೆಯಲ್ಲಿ ತೂತು. ನಾಲ್ಕು ಹೆಜ್ಜೆ ಓಡಿದರೆ ತುಟಿ ನೀಲಿಯಾಗಿ ಕುಕ್ಕರಿಸುತ್ತಿದ್ದಳು. ಓಡುವ ಮಕ್ಕಳನ್ನು ಜಗಲಿಯ ಮೇಲೆ ಕೂತು ನೋಡುವುದೇ ಅವಳ ಆಟ. ವೆಲ್ಲೂರಿಗೆ ಕರೆದುಕೊಂಡು ಹೋಗಿ ತೋರಿಸಿದರು, ಮತ್ತೆ ಮತ್ತೆ ತೋರಿಸಿದರು, ದೊಡ್ಡ ಡಾಕ್ಟರು ಕಡೆಗೆ ಸೀನಪ್ಪನ ಹೆಗಲ ಮೇಲೆ ಕೈ ಇಟ್ಟು, ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಗಣಿ ಮುಚ್ಚಿದ ಮರುವರ್ಷ, ಕಲ್ಕತ್ತಕ್ಕೆ ಹೋಗುವ ಟ್ರಾಮು ಶೆಡ್ಡಿನಲ್ಲಿ ಸಿದ್ಧವಾದಾಗ, ಹಿರಿಯರು ಮನೆ ಬಾಗಿಲಿಗೇ ಬಂದು ಸೀಟು ಈ ಮಗುವಿನದ್ದು ಎಂದರು. ಕವಿತಳಿಗೆ ಆಗ ಒಂಬತ್ತು ತುಂಬಿತ್ತು.

ಹಸಿರು ಲಂಗ ಉಟ್ಟು, ಕನಕಾಂಬರ ಮುಡಿದು, ಹೊಸ ಬಣ್ಣದ ವಾಸನೆಯ ಟ್ರಾಮಿನಲ್ಲಿ ಸೀಟಿನ ಮೇಲೆ ಮಂಡಿಯೂರಿ ಕಿಟಕಿಯಿಂದ ಹೊರಗೆ ನೋಡುತ್ತ ಅವಳು ಬಂದಳು. ಬೇರೆ ಮಕ್ಕಳು ಪಕ್ಕದಲ್ಲಿ ಕೂಗುತ್ತಾ ಓಡಿಬರುತ್ತಿದ್ದರು. ಅವತ್ತು ಓಡದೆಯೇ ಎಲ್ಲರಿಗಿಂತ ಮುಂದೆ ಇದ್ದವಳು ಅವಳೊಬ್ಬಳೇ. ಅದೇ ವರ್ಷ ದೀಪಾವಳಿಗೆ ಮುಂಚೆ, ಒಂದು ಮಧ್ಯಾಹ್ನ, ಅಮ್ಮನ ತೊಡೆಯ ಮೇಲೆ ಮಲಗಿದ್ದ ಹಾಗೇ ಹೋಗಿಬಿಟ್ಟಳು.

ಅಂಜನಮ್ಮನಿಗೆ ಹುಚ್ಚು ಎಂದುಕೊಳ್ಳಬೇಡಿ. ಮಗುವನ್ನು ಮಣ್ಣು ಮಾಡಿದ್ದನ್ನು ನೋಡಿದವಳು ಅವಳು. ವರ್ಷ ವರ್ಷ ಎಡೆ ಇಡುವವಳೂ ಅವಳೇ. ಆದರೆ ಹಾಲು ತುಪ್ಪ ಮುಗಿಸಿ ನಲ್ಲಿಗೆ ಬಂದ ದಿನ, ಮಾರಿಯಮ್ಮ ಅವಳ ಬಿಂದಿಗೆಯನ್ನು ತಾನೇ ನಲ್ಲಿಗೆ ಇಟ್ಟು ಕೇಳಿದಳು, ಕವಿತ ಎಲ್ಲವಳೆ ಅಂತ. ಅಂಜನಮ್ಮನ ಬಾಯಿಂದ ತಾನಾಗಿ ಕಲ್ಕತ್ತದಲ್ಲಿ ಎಂದು ಬಂತು. ಹೇಳಿದ ಮೇಲೆ ಉಸಿರಾಡಲು ಆಯಿತು.

ಅಲ್ಲಿಂದಾಚೆ ಇಪ್ಪತ್ತು ವರ್ಷದ ಮೇಲೆ ಆಗಿಹೋಯಿತು. ಮಿಲಿಟರಿಯಲ್ಲಿ ಆ ಕಡೆ ಇದ್ದು ಬಂದ ಬಚ್ಚಪ್ಪ, ಟ್ರಾಮು ದೊಡ್ಡ ಮೈದಾನದ ಅಂಚಿನಲ್ಲಿ ಹುಲ್ಲಿನ ನಡುವೆ ಹೋಗುತ್ತದೆ, ಅಲ್ಲಿ ಕುದುರೆಗಳು ಮೇಯುತ್ತವೆ ಎಂದು ಹೇಳಿದ್ದ. ಅಷ್ಟು ಸಾಕಾಯಿತು. ಮಧ್ಯಾಹ್ನ ಊಟವಾಗಿ, ಮಿಷನ್ನಿನ ಸದ್ದಿಗೆ ಕಣ್ಣು ತೂಗುವ ಹೊತ್ತಿನಲ್ಲಿ, ಅಂಜನಮ್ಮನ ಕೈ ರೆಕ್ಸಿನ್ ಹೊಲಿಯುತ್ತಿದ್ದರೆ ಅವಳು ಇರುತ್ತಿದ್ದುದು ಆ ಹುಲ್ಲಿನ ಪಕ್ಕದಲ್ಲಿ. ಗಂಟೆ ಟಣ್ ಟಣ್ ಎನ್ನುತ್ತದೆ. ಕಿಟಕಿಯಲ್ಲಿ ಎರಡು ಜಡೆ. ಕುದುರೆ ತಲೆಯೆತ್ತಿ ನೋಡುತ್ತದೆ. ಮಳೆ ಹೊಯ್ದು ರಸ್ತೆಯೆಲ್ಲ ಹೊಳೆಯಾದರೂ ಟ್ರಾಮು ನೀರನ್ನು ಸೀಳಿಕೊಂಡು ನಿಧಾನವಾಗಿ ಹೋಗುತ್ತಲೇ ಇರುತ್ತದೆ, ಯಾರಿಗೂ ಅವಸರವಿಲ್ಲ, ಯಾರ ತುಟಿಯೂ ನೀಲಿಯಾಗುವುದಿಲ್ಲ. ಟೀವಿಯಲ್ಲಿ ಕಲ್ಕತ್ತದ ಸುದ್ದಿ ಬಂದರೆ ಅಂಜನಮ್ಮ ಸೌಟು ಹಿಡಿದುಕೊಂಡೇ ಬಂದು ನಿಲ್ಲುತ್ತಿದ್ದಳು. ಆಗ ಸೀನಪ್ಪ ಎದ್ದು ಹೊರಗೆ ಹೋಗುತ್ತಿದ್ದ. ಮಗಳು ಹೋದ ದಿನದಿಂದ ಅವನ ಬಾಯಲ್ಲಿ ಅವಳ ಹೆಸರು ಬಂದಿಲ್ಲ. ಕಲ್ಕತ್ತ ಎಂಬ ಊರಿನ ಹೆಸರೂ ಬಂದಿಲ್ಲ. ಕಲ್ಲು ಕಣೆ ಆ ಮನುಷ್ಯ ಎಂದು ಅಂಜನಮ್ಮ ಮಾರಿಯಮ್ಮನ ಹತ್ತಿರ ಬೇಕಾದಷ್ಟು ಸಲ ಅತ್ತಿದ್ದಾಳೆ.

ಈ ವರ್ಷ ಕಂಪನಿಗೆ ನೂರು ತುಂಬಿತು. ಅಂಬರೀಶ್ ಎಂಬ ಹೊಸ ಮ್ಯಾನೇಜರು ಬಂದಿದ್ದರು, ರಾಣೆಬೆನ್ನೂರು ಕಡೆಯವರು, ವಯಸ್ಸು ಚಿಕ್ಕದು, ಮನಸ್ಸು ಒಳ್ಳೆಯದು. ಅವರಿಗೆ ಕಂಪನಿಯ ಇತಿಹಾಸದ ಹುಚ್ಚು ಹಿಡಿಯಿತು. ಮೂಲೆಯಲ್ಲಿ ಬಿದ್ದಿದ್ದ ತೊಟ್ಟಿಬಂಡಿ ಹುಡುಕಿಸಿ ತೊಳೆಸಿದರು, ದೊರೆಯ ಫೋಟೋಗೆ ಗಾಜು ಹಾಕಿಸಿದರು. ಒಂದು ದಿನ ಕ್ಯಾಂಟೀನಿನಲ್ಲಿ ಬೆಂಚಿನ ಮೇಲೆ ಹತ್ತಿ ನಿಂತು ಖುಷಿಯ ಸುದ್ದಿಯೊಂದನ್ನು ಹೇಳಿದರು. ಕಲ್ಕತ್ತದಲ್ಲಿ ಟ್ರಾಮುಗಳು ಒಂದೊಂದಾಗಿ ನಿಲ್ಲುತ್ತಿವೆ. ಗಣಿ ಮುಚ್ಚಿದ ಮರುವರ್ಷ ಇಲ್ಲಿಂದ ಹೋದ ಟ್ರಾಮನ್ನೇ ಕೇಳಿ, ಕಾಡಿ ಬೇಡಿ, ವಾಪಸ್ಸು ತರಿಸುತ್ತಿದ್ದೇನೆ. ಗೇಟಿನ ಪಕ್ಕ ಕಟ್ಟೆ ಕಟ್ಟಿಸಿ, ಹೋಗಿ ಬರುವವರಿಗೆಲ್ಲ ಕಾಣುವ ಹಾಗೆ ಅದರ ಮೇಲೆ ನಿಲ್ಲಿಸುತ್ತೇವೆ ಎಂದು. ಜನ ಚಪ್ಪಾಳೆ ಹೊಡೆದರು. ಹೊಡೆಯುತ್ತ ಹೊಡೆಯುತ್ತ ಒಬ್ಬೊಬ್ಬರ ಕಣ್ಣೂ ಅಂಜನಮ್ಮನ ಕಡೆ ತಿರುಗಿ, ಚಪ್ಪಾಳೆ ಅಲ್ಲಲ್ಲೇ ನಿಂತುಹೋಯಿತು. ಅಂಬರೀಶರಿಗೆ ಏನಾಯಿತೆಂದು ತಿಳಿಯಲಿಲ್ಲ.

ಅವತ್ತಿನಿಂದ ಅಂಜನಮ್ಮನಿಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಟ್ರಾಮು ನಿಂತಿತಲ್ಲ, ಆಗ ಕವಿತ ಎಲ್ಲಿದ್ದಳು? ಎಲ್ಲರೂ ಇಳಿಯಿರಿ ಅಂದಾಗ ಭಾಷೆ ಬಾರದ ಊರಿನಲ್ಲಿ ಇಳಿದುಬಿಟ್ಟಳೋ? ಇಲ್ಲ, ಇಳಿಯುವ ಮಗುವಲ್ಲ ಅದು, ಕಿಟಕಿ ಬಿಟ್ಟು ಏಳುವುದಿಲ್ಲ, ಒಳಗೇ ಇರುತ್ತಾಳೆ ಎಂದು ಸಮಾಧಾನ ಮಾಡಿಕೊಂಡರೆ ಅದಕ್ಕಿಂತ ದೊಡ್ಡ ಸಂಕಟ ಎದುರಾಗುತ್ತಿತ್ತು. ಕಟ್ಟೆಯ ಮೇಲೆ ಸಿಮೆಂಟು ಹಾಕಿ ನಿಲ್ಲಿಸಿದ ಬಂಡಿ ಇನ್ನು ಓಡುವುದಿಲ್ಲ. ಮಗು ಗೇಟಿನ ಪಕ್ಕ ಕೂತು, ಗಣಿಯವರು ಚಿನ್ನ ತೆಗೆದು ಸುರಿದ ಕಲ್ಲುಪುಡಿಯ ಸಯನೈಡ್ ದಿಬ್ಬದ ಬಿಳಿ ಧೂಳು ತಿನ್ನುತ್ತಾ, ಅಲ್ಲೇ ಕಾಣುವ ಮನೆಯನ್ನು ನೋಡುತ್ತಾ, ಅತ್ತ ಹೋಗಲಾರದೆ ಇತ್ತ ಬರಲಾರದೆ ಕಾಲವೆಲ್ಲ ಇರಬೇಕಲ್ಲ. ಬದುಕಿದ್ದಾಗ ಜಗಲಿಯ ಮೇಲೆ ಕೂತು ಓಡುವವರನ್ನು ನೋಡಿದ್ದು ಸಾಲದೇ?

ಲೈನಿನಲ್ಲಿ ಎಲ್ಲರಿಗಿಂತ ಹಿರಿಯ ದೊಡ್ಡವೆಂಕಟಪ್ಪ. ಯಾವುದೋ ಕಾಲದಲ್ಲಿ ಸಾಹೇಬರು ಓಡಾಡುವ ಐಷಾರಾಮಿ ಸಲೂನ್ ಬೋಗಿಯಲ್ಲಿ ಕೂತು ಬಂದಿದ್ದರಿಂದ ಇವತ್ತಿಗೂ ಕಾಲ ಮೇಲೆ ಕಾಲು ಹಾಕಿಯೇ ಮಾತಾಡುವ ಮನುಷ್ಯ. ಬಂಡಿ ನಿಂತರೆ ಕೂತವರು ಏನಾಗುತ್ತಾರೆಂದು ಅಂಜನಮ್ಮ ಹೋಗಿ ಕೇಳಿದಾಗ ಮಾತ್ರ ಕಾಲು ಕೆಳಗಿಳಿಸಿದ. ಬಂಡಿ ಗುಜರಿಗೆ ಹೋದರೆ, ಬದುಕಿದ್ದವರಿಗೆ ಒಂದು ಬೆಳಿಗ್ಗೆ ಮೈ ಹಗುರಾದ ಹಾಗಾಗಿ ತಾವಾಗೇ ಗೊತ್ತಾಗುತ್ತದೆ, ಇಳಿದೆವು ಅಂತ. ಅವಸರವಾದರೆ ಬೇರೆ ದಾರಿಯೂ ಉಂಟು. ಕೂತವರು ಹತ್ತುವುದು ಒಂದು ಬಾಗಿಲಲ್ಲಿ, ಗೇಟಿನ ಹತ್ತಿರ ಇಳಿಯುವುದು ಇನ್ನೊಂದು ಬಾಗಿಲಲ್ಲಿ. ಹತ್ತಿದ ಬಾಗಿಲಲ್ಲೇ ಇಳಿಸಿದರೆ ಸವಾರಿ ಮುಗಿಯಿತೆಂದು ಅರ್ಥ. ಇಷ್ಟು ಹೇಳಿ ಮುದುಕ ನೆಲ ನೋಡಿದ.

"ಸತ್ತೋರ್ದು ನಂಗೊತ್ತಿಲ್ಲ ಕಣಮ್ಮ. ಯಾರೂ ಕೇಳಿರ್ಲಿಲ್ಲ."

ಮಾರಿಯಮ್ಮ ಮಾತ್ರ ಕೈ ಕಟ್ಟಿ ಕೂರುವವಳಲ್ಲ. ಈಗೆಲ್ಲ ಮೆಟ್ರೋ ಡಬ್ಬಿಗಳನ್ನು ನೀಲಿ ಟಾರ್ಪಾಲು ಸುತ್ತಿ ಲಾರಿಯ ಮೇಲೆ ಸಾಗಿಸಿಬಿಡುತ್ತಾರೆ, ಯಾರೂ ಕೂರುವ ಹಾಗಿಲ್ಲ, ಪದ್ಧತಿ ನಿಂತು ಬಹಳ ಕಾಲವಾಯಿತು. ಆದರೆ ನೂರು ವರ್ಷದ ಸಂಭ್ರಮವೆಂದು ಈ ಸಲ ಒಂದೇ ಒಂದು ಡಬ್ಬಿಯನ್ನು ಹಳೆಯ ಹಳಿಯ ಮೇಲೆ ಗೇಟಿನ ತನಕ ಓಡಿಸುತ್ತಾರಂತೆ. ಅದರಲ್ಲಿ ಕವಿತಳನ್ನು ಹತ್ತಿಸಿಬಿಡು ಎಂದಳು ಮಾರಿಯಮ್ಮ. ಇದರಿಂದ ಇಳಿಸಿ ಅದಕ್ಕೆ ಹತ್ತಿಸು, ಅಷ್ಟೇ. ಏಸಿ ಇರ್ತದೆ, ಮಗುವಿಗೆ ಬಿಸಿಲೂ ತಾಗುವುದಿಲ್ಲ. ಅಂಜನಮ್ಮನಿಗೆ ಎಷ್ಟೋ ದಿನದ ಮೇಲೆ ನಗು ಬಂತು. ಅವತ್ತು ರಾತ್ರಿ ಒಂದು ಮುದ್ದೆ ಪೂರ್ತಿ ಉಂಡಳು. ಗಂಡನಿಗೂ ಹೇಳಿದಳು. ಸೀನಪ್ಪ ಕೈ ತೊಳೆದು ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಟ್ರಾಮು ಬಂತು. ಟ್ರೈಲರ್ ಲಾರಿಯ ಮೇಲೆ, ಹಗ್ಗ ಬಿಗಿಸಿಕೊಂಡು, ಬಂಗಾರಪೇಟೆ ರಸ್ತೆಯಲ್ಲಿ ಆಟೋಗಳನ್ನೆಲ್ಲ ಪಕ್ಕಕ್ಕೆ ಸರಿಸಿಕೊಂಡು ಬಂತು. ಜನರೆಲ್ಲ ರಸ್ತೆಗೆ ಇಳಿದರು. ಅಂಜನಮ್ಮ ಮಾತ್ರ ಮಿಷನ್ನು ಬಿಟ್ಟು ಏಳಲಿಲ್ಲ. ಹೋಗಿ ನೋಡಿ ಕಿಟಕಿಯಲ್ಲಿ ಏನೂ ಕಾಣದಿದ್ದರೆ ಎಂದು ಹೊಲಿದ ಸೀಟನ್ನೇ ಮತ್ತೆ ಹೊಲಿದಳು. ಎರಡು ದಿನ ಟ್ರಾಮಿನ ಸುತ್ತ ಕೆಲಸ ನಡೆಯಿತು. ಬಣ್ಣ ಬಳಿದರು, ಗೇಟಿನ ಪಕ್ಕದ ಕಟ್ಟೆಯ ಮೇಲೆ ಕ್ರೇನಿನಿಂದ ಇಳಿಸಿದರು. ಸೀನಪ್ಪ ಆ ಎರಡು ದಿನವೂ ಬೀಡಿ ತರುವ ನೆಪದಲ್ಲಿ ಹಿಂದಿನ ದಾರಿಯಲ್ಲಿ ಆಂಡರ್ಸನ್‌ಪೇಟೆಗೆ ಹೋಗಿ ಕತ್ತಲಾದ ಮೇಲೆ ಬಂದ.

ಮೂರನೆಯ ದಿನ ಅಂಜನಮ್ಮ ಗಟ್ಟಿ ಮನಸ್ಸು ಮಾಡಿ ಗೇಟಿಗೆ ಹೋದಳು. ಹೊಸ ಬಣ್ಣದ ಮಗ್ಗುಲು ರಸ್ತೆಯ ಕಡೆ ಮಿರಮಿರ ಮಿಂಚುತ್ತಿತ್ತು. ಅದು ಕವಿತ ಇಳಿದ ಮಗ್ಗುಲು. ಹತ್ತಿದ ಬಾಗಿಲಿದ್ದ ಮಗ್ಗುಲನ್ನು ಕಾಂಪೌಂಡಿನ ಗೋಡೆಗೆ ಒತ್ತಿ ನಿಲ್ಲಿಸಿದ್ದರು. ನಡುವೆ ಒಂದು ಕೈ ತೂರುವಷ್ಟೂ ಜಾಗವಿರಲಿಲ್ಲ. ಬಾಗಿಲು ತೆರೆದರೂ ಎದುರಿಗೆ ಗೋಡೆಯೇ. ಅಂಜನಮ್ಮ ಆ ಸಂದಿಗೆ ಕಣ್ಣಿಟ್ಟು ನೋಡಿ, ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು.

ಅಂಬರೀಶ್ ಓಡಿಬಂದರು. ಬಿಸಿಲಿಗೆ ತಲೆ ಸುತ್ತಿತೇನೋ ಎಂದು ನೀರು ತರಿಸಿದರು. ಅವಳು ನೀರು ಮುಟ್ಟದೆ, ಟ್ರಾಮನ್ನು ತಿರುಗಿಸಿ ನಿಲ್ಲಿಸಿ ಸಾಮಿ ಎಂದು ಕೇಳಿದಳು. ಯಾಕೆ ಎಂದು ಅವರು ಕೇಳಬೇಕಾದದ್ದೇ. ಅವಳು ಹೇಳಿದಳು. ಮೊದಲಿಂದ ಕಡೆಯ ತನಕ, ತೂತು ಬಿದ್ದ ಎದೆಯಿಂದ ಕುದುರೆ ಮೇಯುವ ಮೈದಾನದ ತನಕ, ಒಂದನ್ನೂ ಬಿಡದೆ ಹೇಳಿದಳು. ಸೂಟು ಹಾಕಿದವರ ಮುಂದೆ ಇಂಥ ಮಾತು ಆಡಬಾರದೆಂದು ಲೈನಿನ ಜನ ಇಷ್ಟು ದಿನ ಬಾಯಿ ಬಿಗಿಹಿಡಿದಿದ್ದರು. ಈಗ ಎಲ್ಲರೂ ಅವರ ಮುಖ ನೋಡಿದರು. ಅಂಬರೀಶ್ ನಗಲಿಲ್ಲ. ಅವರ ಮುಖ ಕಪ್ಪಿಟ್ಟಿತು.

"ನನಗ ತಿಳೀಲಿಲ್ರೀ ಅಮ್ಮಾ," ಎಂದರು. "ನಾ ಒಳ್ಳೇದು ಮಾಡೀನಿ ಅಂತ ತಿಳ್ಕೊಂಡಿದ್ದೆ."

ಆದರೆ ಕಷ್ಟಗಳೂ ಇದ್ದವು. ಗೋಡೆ ಕಡೆಯ ಮಗ್ಗುಲಿಗೆ ಯಾರಿಗೂ ಕಾಣುವುದಿಲ್ಲವೆಂದು ಬಣ್ಣವನ್ನೇ ಬಳಿದಿರಲಿಲ್ಲ, ಸಮಾರಂಭ ಮರುದಿನವೇ, ಬುಡಕ್ಕೆ ಸಿಮೆಂಟು ಆಗಲೇ ಹಾಕಿ ಆಗಿತ್ತು. ಅವರು ಇವನ್ನೆಲ್ಲ ಒಂದೊಂದಾಗಿ ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಹೇಳುತ್ತಿದ್ದರೆ, ಕ್ರೇನ್ ಆಪರೇಟರ್ ಸೆಲ್ವರಾಜ್ ಕಟ್ಟೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು ಸಿಮೆಂಟಿಗೆ ಹೆಬ್ಬೆರಳು ಒತ್ತಿದ. ಬೆರಳು ಸ್ವಲ್ಪ ಇಳಿಯಿತು. ಅವನು ಎದ್ದು ಪ್ಯಾಂಟಿಗೆ ಕೈ ಒರೆಸಿಕೊಂಡು, ಇನ್ನೂ ಹಸಿಯಾಗಿದೆ ಸಾರ್ ಎಂದ. ಆಮೇಲೆ ಅಂಜನಮ್ಮನ ಕಡೆ ತಿರುಗಿ, ಅಳಬೇಡ ಅಕ್ಕಾ, ಊಟದ ಬೆಲ್ಲು ಹೊಡೆಯಲಿ ಎಂದ. ಅಂಬರೀಶ್ ತಲೆಯ ಹೆಲ್ಮೆಟ್ ತೆಗೆದು ಸೆಲ್ವರಾಜನ ಕೈಗೆ ಕೊಟ್ಟು, ಹುಷಾರು ಎಂದಷ್ಟೇ ಹೇಳಿದರು.

ಅಂಜನಮ್ಮ ಮನೆಗೆ ಓಡಿದಳು. ಸೀನಪ್ಪ ಜಗಲಿಯಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ. ಟ್ರಾಮು ತಿರುಗಿಸ್ತಾರೆ, ಮಗೀನ ಇಳಿಸ್ಕಬೇಕು, ಬನ್ನಿ ಎಂದಳು. ಅವನು ಮುಖ ಎತ್ತಲಿಲ್ಲ. ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡು ಹಿಂದಿನ ದಾರಿ ಹಿಡಿದು ಹೊರಟುಹೋದ. ಅಂಜನಮ್ಮನಿಗೆ ಅವತ್ತು ಬಂದಂಥ ಸಿಟ್ಟು ಜನ್ಮದಲ್ಲಿ ಬಂದಿರಲಿಲ್ಲ. ನಿನ್ನ ಮನಸ್ಸು ಕಬ್ಬಿಣದ್ದಾ ಎಂದು ಅವನ ಬೆನ್ನಿಗೆ ಕೂಗಿ, ಸೆರಗಿನಿಂದ ಮುಖ ಒರೆಸಿಕೊಂಡು ಒಬ್ಬಳೇ ವಾಪಸ್ಸು ಬಂದಳು.

ಮಧ್ಯಾಹ್ನ ಗಾಳಿ ಎದ್ದಿತ್ತು. ಆ ಗಾಳಿ ಎದ್ದರೆ ಸಯನೈಡ್ ದಿಬ್ಬದ ಪುಡಿ ಮೇಲೆದ್ದು ಊರೆಲ್ಲ ಮಂಜು ಕವಿದ ಹಾಗಾಗುತ್ತದೆ; ಬಿಸಿಲು ಕೂಡ ಬೆಳ್ಳಗೆ, ತಣ್ಣಗೆ ಕಾಣುತ್ತದೆ. ಊಟದ ಬೆಲ್ಲು ಹೊಡೆದರೂ ಯಾರೂ ಕ್ಯಾಂಟೀನಿಗೆ ಹೋಗಲಿಲ್ಲ. ಸೆಲ್ವರಾಜ್ ಕ್ರೇನು ತಂದ. ಬೆಲ್ಟು ಸುತ್ತಿದರು. ಸಿಮೆಂಟು ಒಂದು ಸಲ ಕರಕರ ಎಂದು ಬಿಟ್ಟುಕೊಟ್ಟಿತು, ಟ್ರಾಮು ನೆಲ ಬಿಟ್ಟು ಮೇಲೆದ್ದಿತು. ಬಿಳಿ ಧೂಳಿನಲ್ಲಿ ಕ್ರೇನಿನ ಕೈ ಕಾಣುತ್ತಿರಲಿಲ್ಲ, ಬೆಲ್ಟೂ ಕಾಣುತ್ತಿರಲಿಲ್ಲ. ಟ್ರಾಮು ತಾನೇ ಗಾಳಿಯಲ್ಲಿ ನಿಂತುಕೊಂಡು, ಮೆಲ್ಲಗೆ, ಬಲು ಮೆಲ್ಲಗೆ ತಿರುಗತೊಡಗಿತು. ಒಂದೊಂದೇ ಕಿಟಕಿ ಜನರ ಮುಂದೆ ಹಾದುಹೋಯಿತು. ಒಳಗಿನ ಗಂಟೆ ಯಾರೂ ಮುಟ್ಟದೆ ಒಂದೆರಡು ಸಲ ಹೊಡೆದುಕೊಂಡಿತು. ಮಾರಿಯಮ್ಮ ಅಂಜನಮ್ಮನ ಮುಂಗೈ ಹಿಡಿದಳು. ಗಣಿಯ ಗಾಲಿಗಳ ಎತ್ತರದಲ್ಲಿ ಮಗಳು ಹಾರುತ್ತಿದ್ದಾಳೆಂದು ಅಂಜನಮ್ಮ ಬಾಯಿ ಬಿಟ್ಟುಕೊಂಡು ನೋಡಿದಳು. ಅವಳಿಗೆ ಅದು ಕೆಳಗೆ ಇಳಿಯುವುದೇ ಬೇಡವೆನ್ನಿಸಿತು.

ಇಳಿಯಿತು. ಈ ಮಗ್ಗುಲಿಗೆ ಕಲ್ಕತ್ತದ ಬಣ್ಣವೇ ಇತ್ತು, ಅಲ್ಲಲ್ಲಿ ಚಕ್ಕೆ ಎದ್ದ ಬಣ್ಣ, ಯಾರೋ ಗೀಚಿದ ತಿಳಿಯದ ಅಕ್ಷರಗಳು. ಸೆಲ್ವರಾಜ್ ಒಂದು ಮರದ ಮೆಟ್ಟಿಲು ತಂದು ಬಾಗಿಲ ಬುಡಕ್ಕೆ ಇಟ್ಟ. ಅಷ್ಟು ಹೊತ್ತಿಗೆ ಶೆಡ್ಡಿನಿಂದ ಹೊಸ ಮೆಟ್ರೋ ಡಬ್ಬಿಯನ್ನೂ ಹಳಿಗೆ ತಂದು ಬಾಗಿಲು ತೆರೆದಿಟ್ಟಿದ್ದರು. ಅಂಬರೀಶರೇ ಹೇಳಿದ್ದರು, ಇಲ್ಲಿಂದ ಸೀದಾ ಅಲ್ಲಿಗೆ ಕರೆದುಕೊಂಡು ಹೋಗಿರಿ ಅಮ್ಮಾ, ನಾಳೆ ನೀವೇ ಜೊತೆಗೆ ಕೂತು ಬನ್ನಿರಿ ಎಂದು.

ಅಂಜನಮ್ಮ ಚಪ್ಪಲಿ ಬಿಟ್ಟು ಒಳಗೆ ಹೋದಳು. ಹೊರಗಿನ ಗದ್ದಲ ಅಲ್ಲಿಗೆ ಬರಲಿಲ್ಲ. ಕಿಟಕಿಗಳಲ್ಲೆಲ್ಲ ಬಿಳಿ ಧೂಳು ತೇಲುತ್ತ, ಟ್ರಾಮು ಇನ್ನೂ ಎಲ್ಲಿಗೋ ಹೋಗುತ್ತಲೇ ಇರುವ ಹಾಗೆ ಕಂಡಿತು. ಮರದ ಸೀಟುಗಳು ಕೂತವರ ಮೈಗೆ ಸವೆದು ನುಣ್ಣಗಾಗಿದ್ದವು. ನೆಲದ ಪಟ್ಟಿಗಳು ನಡುವೆ ತಗ್ಗಾಗಿದ್ದವು. ಎಷ್ಟು ಜನ ಇಲ್ಲಿ ಬಂದು ಹೋದರೋ, ಎಷ್ಟು ಜನ ಈ ಮಗುವಿನ ಪಕ್ಕದಲ್ಲಿ ಕೂತು ತೂಕಡಿಸಿದರೋ. ಕವಿತ ಮಂಡಿಯೂರಿ ಕೂತಿದ್ದ ಕಿಟಕಿಯ ಹತ್ತಿರದ ಸೀಟಿನ ತುದಿಯಲ್ಲಿ ಅಂಜನಮ್ಮ ಕೂತಳು. ಮಗಾ, ಅಮ್ಮ ಬಂದಿದ್ದೀನಿ, ಏಳು, ಬೇರೆ ಗಾಡಿಗೆ ಹೋಗೋಣ ಎಂದು ಕರೆಯಬೇಕೆಂದು ಮನೆಯಿಂದಲೇ ಯೋಚಿಸಿಕೊಂಡು ಬಂದಿದ್ದಳು. ಬಾಯಿ ತೆರೆದಳು.

ಅವಳಿಗೆ ವೆಲ್ಲೂರಿನಿಂದ ಬರುತ್ತಿದ್ದ ಸಂಜೆಗಳು ನೆನಪಾದವು. ಕಾಟ್ಪಾಡಿಯಲ್ಲಿ ರೈಲು ಹತ್ತಿದ ತಕ್ಷಣ ಮಗು ಮಲಗಿಬಿಡುತ್ತಿತ್ತು. ಬಂಗಾರಪೇಟೆಯಲ್ಲಿ ಗಾಡಿ ಬದಲಾಯಿಸಬೇಕು. ಎಬ್ಬಿಸಿದರೆ ಕಣ್ಣು ಬಿಡಲಾರದೆ, ತುಟಿ ನಡುಗಿಸಿ, ಇನ್ನೂ ಮನೆ ಬರಲಿಲ್ಲವಾ ಅಮ್ಮ ಎಂದು ಅಳುತ್ತಿತ್ತು. ಒಂದೊಂದು ಸಲವೂ ಅಳುತ್ತಿತ್ತು. ಇನ್ನೊಂದು ಗಾಡಿ ಅಷ್ಟೇ ಮಗಾ, ಇನ್ನೊಂದೇ ಗಾಡಿ ಎಂದು ಅಂಜನಮ್ಮ ರಮಿಸುತ್ತಿದ್ದಳು.

ಈಗ ಅವಳು ಪಕ್ಕಕ್ಕೆ ತಿರುಗಿ ನೋಡಿದಳು. ಸೀಟಿನ ಮೇಲೆ ಕಿಟಕಿಯ ಬೆಳಕು ಬಿದ್ದಿತ್ತು. ಮಗು ಮಲಗಿದೆ ಎಂದು ಅವಳಿಗೆ ಗೊತ್ತಾಯಿತು. ಇಷ್ಟು ವರ್ಷ ಊರೆಲ್ಲ ಸುತ್ತಿ, ಕುದುರೆ ನೋಡಿ, ಮಳೆ ನೋಡಿ, ನೋಡಿದ್ದು ಸಾಕಾಗಿ, ಬಾಯಿ ಅರ್ಧ ತೆರೆದುಕೊಂಡು ಮಲಗಿಬಿಟ್ಟಿದೆ. ಇಂಥ ನಿದ್ದೆಯಲ್ಲಿರುವ ಮಗುವನ್ನು ಎಬ್ಬಿಸಿ ಮತ್ತೊಂದು ಗಾಡಿ ಹತ್ತಿಸುತ್ತಾರಾ ಯಾರಾದರೂ? ಅಂಜನಮ್ಮನಿಗೆ ದುಃಖ ಒತ್ತರಿಸಿ ಬಂತು. ಮಗಳು ಓಡಾಡುತ್ತಿರಬೇಕೆಂದು ಬೇಕಾಗಿದ್ದುದು ತನಗೆ, ಮಗುವಿಗಲ್ಲ ಎಂದು ಅವಳಿಗೆ ಅನ್ನಿಸಿತು. ಸದ್ದಾಗದ ಹಾಗೆ ಅತ್ತಳು. ಅತ್ತು, ಮೂಗು ಒರೆಸಿಕೊಂಡು, ಬಗ್ಗಿ, ಒಂದು ಕೈಯನ್ನು ಕುತ್ತಿಗೆಯ ಅಡಿಗೂ ಇನ್ನೊಂದನ್ನು ಮಂಡಿಯ ಅಡಿಗೂ ಕೊಟ್ಟು ಮೆಲ್ಲಗೆ ಎತ್ತಿಕೊಂಡಳು.

ಹತ್ತಿದ ಬಾಗಿಲಲ್ಲಿ ಅವಳು ಕಾಣಿಸಿಕೊಂಡಳು. ಖಾಲಿ ತೋಳುಗಳನ್ನು ಎದೆಗೆ ಒತ್ತಿ ಹಿಡಿದು, ಬಾಗಿಲಿಗೆ ತಾಗದಂತೆ ಅಡ್ಡಡ್ಡ ತಿರುಗಿ ಹೊರಗೆ ಬಂದಳು. ಮೆಟ್ರೋ ಡಬ್ಬಿಯ ಕಡೆ ನೋಡಲಿಲ್ಲ. ಮೆಟ್ಟಿಲು ಕಿರಿದು, ಎರಡೂ ಕೈ ತುಂಬಿದೆ, ಹಿಡಿದುಕೊಳ್ಳಲು ಕೈ ಬಿಡುವಿಲ್ಲ. ಕಾಲು ಕೆಳಗಿಡಲು ತಡವರಿಸಿದಳು. ಯಾರು ಹೇಗೆ ಸಹಾಯ ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಮಾರಿಯಮ್ಮ ಮುಂದೆ ಬಂದವಳು ಹಾಗೇ ನಿಂತಳು.

ಆಗ ಜನರನ್ನು ಸರಿಸಿಕೊಂಡು ಸೀನಪ್ಪ ಬಂದ. ಎಲ್ಲಿಯ ತನಕ ಹೋಗಿದ್ದನೋ, ತಲೆಗೂದಲು ಹುಬ್ಬು ಎಲ್ಲ ಬಿಳಿ ಧೂಳಾಗಿತ್ತು, ಕೆನ್ನೆಯ ಮೇಲೆ ಮಾತ್ರ ಎರಡು ಒದ್ದೆ ಗೆರೆ. ಮೆಟ್ಟಿಲ ಬುಡಕ್ಕೆ ಬಂದು ಎರಡೂ ಕೈಗಳನ್ನು ಮೇಲೆ ಚಾಚಿದ. ಹೆಂಡತಿಯ ಮುಖ ನೋಡಲಿಲ್ಲ, ಅವಳ ತೋಳುಗಳನ್ನೇ ನೋಡಿದ.

"ಕೊಡು ಇಲ್ಲಿ," ಎಂದ. "ನಿಂಗೆ ಬಾರ ಆಯ್ತದೆ. ಕವಿತ ನಿದ್ದೆ ಓಗವಳೆ."

ಅಂಜನಮ್ಮ ಬಗ್ಗಿ ಕೊಟ್ಟಳು. ಅವನು ತೆಗೆದುಕೊಂಡ. ಎಡ ಹೆಗಲಿಗೆ ಒರಗಿಸಿ, ಒಂದು ಕೈ ಅಡಿಗೆ ಕೊಟ್ಟು, ಇನ್ನೊಂದು ಕೈಯಿಂದ ಬೆನ್ನು ತಟ್ಟುತ್ತ ಮನೆಯ ಕಡೆ ತಿರುಗಿದ. ಜನ ದಾರಿ ಬಿಟ್ಟರು. ಸೆಲ್ವರಾಜ್ ಕ್ರೇನಿನ ಇಂಜಿನ್ನು ಆಫ್ ಮಾಡಿದ. ಅಂಜನಮ್ಮ ಚಪ್ಪಲಿ ಮರೆತು ಬರಿಗಾಲಲ್ಲಿ ಮುಂದೆ ಮುಂದೆ ಓಡಿ ಮನೆಯ ಚಿಲಕ ತೆಗೆದು, ಚಾಪೆ ಹಾಸಿ, ದಿಂಬು ಇಟ್ಟಳು. ಸೀನಪ್ಪ ಬಾಗಿಲ ಹತ್ತಿರ ಬಂದು ನಿಂತ. ಮಗುವಿನ ತಲೆಗೆ ಏಟಾಗದಿರಲೆಂದು ಅದರ ನೆತ್ತಿಗೆ ಕೈ ಅಡ್ಡ ಹಿಡಿದು, ಮಾಮೂಲಿಗಿಂತ ಹೆಚ್ಚಾಗಿಯೇ ಬಗ್ಗಿ, ಒಳಗೆ ಬಂದ.